ಇಪ್ಪತ್ತು ವರ್ಷ ನಿಂತ ಯೆಜ್ಡಿಗೆ ಮೊದಲ ಕಿಕ್ ಹೊಡೆಯುವ ಮುನ್ನ

"ಇಪ್ಪತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದ ಬೈಕ್, ಒಂದೇ ಕಿಕ್ಕಿಗೆ ಸ್ಟಾರ್ಟ್!" ಇಂಥ ತಲೆಬರಹದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಧೂಳು ಒರೆಸುತ್ತಾರೆ, ಹೊಸ ಪೆಟ್ರೋಲ್ ಸುರಿಯುತ್ತಾರೆ, ಪ್ಲಗ್ ಬಿಚ್ಚಿ ಉಜ್ಜುತ್ತಾರೆ, ಹತ್ತು ಹದಿನೈದು ಸಲ ಕಿಕ್ ಹೊಡೆಯುತ್ತಾರೆ. ಎಂಜಿನ್ ಕೆಮ್ಮುತ್ತದೆ, ಬಿಳಿ ಹೊಗೆ ಉಗುಳುತ್ತದೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಆ ಬೈಕ್ ಒಂದು ವಾರದ ನಂತರ ಯಾವ ಸ್ಥಿತಿಯಲ್ಲಿತ್ತು ಎಂದು ಯಾರೂ ತೋರಿಸುವುದಿಲ್ಲ.

ಇವುಗಳನ್ನು ನೋಡಿ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ: ಸ್ಟಾರ್ಟ್ ಆಯಿತು ಎಂದರೆ ಎಂಜಿನ್ ಚೆನ್ನಾಗಿದೆ. ಜಾವಾ, ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕ್‌ಗಳ ವಿಷಯದಲ್ಲಿ ಇದು ತಪ್ಪು, ದುಬಾರಿ ತಪ್ಪು. ವರ್ಷಗಟ್ಟಲೆ ನಿಂತ ಬೈಕ್ ಸ್ಟಾರ್ಟ್ ಆಗದಿದ್ದರೆ ಅದಕ್ಕೆ ಹೊಸ ಹಾನಿ ಏನೂ ಆಗುವುದಿಲ್ಲ. ಸಿದ್ಧವಾಗುವ ಮುನ್ನವೇ ಸ್ಟಾರ್ಟ್ ಆಗಿಬಿಟ್ಟರೆ ಆಗುತ್ತದೆ. ಯಾಕೆ ಎಂದು ನೋಡೋಣ.

ಎಣ್ಣೆ ಎಲ್ಲಿಂದ ಬರುತ್ತದೆ?

ನಾವು ಉದಾಹರಣೆಗೆ ಯೆಜ್ಡಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹಳೆ ಮೈಸೂರು ಭಾಗದ ಕೊಟ್ಟಿಗೆ, ಮಹಡಿ ಮೆಟ್ಟಿಲ ಕೆಳಗಿನ ಜಾಗ, ತೋಟದ ಮನೆಗಳಲ್ಲಿ ಗೋಣಿಚೀಲ ಹೊದ್ದು ನಿಂತಿರುವ ಹಳೇ ಬೈಕ್‌ಗಳಲ್ಲಿ ಇದರ ಪಾಲು ದೊಡ್ಡದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಿಂದ ಬೈಕ್ ತಯಾರಿಸಿದರು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ತಯಾರಿಕೆ ನಿಂತಿತು. ಅಂದರೆ ನಿಮ್ಮ ಮನೆಯ ಯೆಜ್ಡಿಯಲ್ಲಿರುವ ಅಸಲಿ ಕ್ರ್ಯಾಂಕ್ ಹಾಳಾದರೆ, ಅದೇ ಕಾರ್ಖಾನೆಯ ಇನ್ನೊಂದನ್ನು ಅಂಗಡಿಯಿಂದ ತರುವಂತಿಲ್ಲ. ಬಿಡಿಭಾಗಗಳು ಸಿಗುತ್ತವೆ ನಿಜ, ಗುಣಮಟ್ಟ ಮಾತ್ರ ಒಂದೇ ಸಮನಾಗಿಲ್ಲ. (ಈಚೆಗೆ ಅದೇ ಹೆಸರಿನಲ್ಲಿ ಬಂದಿರುವ ಹೊಸ ಬೈಕ್‌ಗಳು ಫೋರ್ ಸ್ಟ್ರೋಕ್; ಈ ಬರಹ ಅವುಗಳ ಬಗ್ಗೆ ಅಲ್ಲ.)

ಫೋರ್ ಸ್ಟ್ರೋಕ್ ಎಂಜಿನ್‌ನ ತಳದಲ್ಲಿ ಎಣ್ಣೆ ಇರುತ್ತದೆ. ಎಂಜಿನ್ ತಿರುಗಿದಾಗ ಪಂಪು ಆ ಎಣ್ಣೆಯನ್ನು ಎಲ್ಲ ಕಡೆ ತಳ್ಳುತ್ತದೆ. ಟೂ ಸ್ಟ್ರೋಕ್ ಯೆಜ್ಡಿಯಲ್ಲಿ ಆ ವ್ಯವಸ್ಥೆಯೇ ಇಲ್ಲ. ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಒಂದೇ ಅದರ ಕ್ರ್ಯಾಂಕ್, ಬೇರಿಂಗ್, ಪಿಸ್ಟನ್‌ಗಳಿಗೆ ಸಿಗುವ ಎಣ್ಣೆ. ಪೆಟ್ರೋಲ್, ಎಣ್ಣೆ, ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್‌ಕೇಸ್‌ಗೆ ಹೋಗುತ್ತದೆ. ಅಲ್ಲಿನ ಬೇರಿಂಗ್‌ಗಳನ್ನು ನೆನೆಸಿ, ಆಮೇಲೆ ಮೇಲೆ ಏರಿ ಉರಿಯುತ್ತದೆ. ಗೇರ್‌ಬಾಕ್ಸ್‌ನಲ್ಲಿ ಬೇರೆ ಎಣ್ಣೆ ಇರುತ್ತದೆ, ಅದು ಕ್ರ್ಯಾಂಕ್‌ಕೇಸ್‌ಗೆ ಬರಕೂಡದು.

ಹಾಗಾಗಿ ಈ ಎಂಜಿನ್‌ಗೆ ಪೆಟ್ರೋಲ್ ಕಡಿಮೆ ಬಂದರೆ ಎಣ್ಣೆಯೂ ಕಡಿಮೆ ಬರುತ್ತದೆ. ಮುಂದೆ ಹೇಳುವುದೆಲ್ಲ ಇದೊಂದು ಮಾತಿಗೇ ತಿರುಗಿ ಬರುತ್ತದೆ.

ನಿಂತಲ್ಲೇ ಆಗುವ ಹಾನಿ

ಬೈಕ್ ಓಡದಿದ್ದರೆ ಸವೆಯುವುದಿಲ್ಲ ಎಂದುಕೊಳ್ಳುತ್ತೇವೆ. ಸವೆಯುವುದಿಲ್ಲ ನಿಜ, ಆದರೆ ಕೊಳೆಯುತ್ತದೆ.

ಮೊದಲು ಪೆಟ್ರೋಲ್. ಇದು ಒಂದೇ ದ್ರವವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರವಾದವು ಮೊದಲು ಆವಿಯಾಗುತ್ತವೆ. ತಣ್ಣನೆಯ ಎಂಜಿನ್ ಹೊತ್ತಿಕೊಳ್ಳಲು ಬೇಕಾಗಿರುವುದು ಅವೇ. ಉಳಿದವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತವೆ. ಹಳೆಯ ಟ್ಯಾಂಕಿನ ಮುಚ್ಚಳ ತೆಗೆದಾಗ ಬರುವ ಆ ಹುಳಿ ಹುಳಿ, ಬಣ್ಣದ ಡಬ್ಬಿಯಂಥ ವಾಸನೆ ಇದರದೇ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಪೂರ್ತಿ ಆರಿದ ಮೇಲೆ ತಳದಲ್ಲಿ ಬೆಲ್ಲದ ಪಾಕದಂಥ ಕಂದು ಪದರ ಉಳಿಯುತ್ತದೆ.

ಎರಡನೆಯದು ನೀರು. ಹಗಲಿನ ಬಿಸಿ, ರಾತ್ರಿಯ ತಂಪಿಗೆ ಅರ್ಧ ಖಾಲಿ ಟ್ಯಾಂಕ್ ಗಾಳಿಯನ್ನು ಹೊರಬಿಟ್ಟು ಒಳಗೆಳೆದುಕೊಳ್ಳುತ್ತಲೇ ಇರುತ್ತದೆ. ಆ ಗಾಳಿಯ ತೇವ ಒಳಗೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ. ಎಂಜಿನ್ನಿನ ಒಳಗೂ ಇದೇ ಆಗುತ್ತದೆ. ಗಾಳಿಯ ತೇವಾಂಶ ಸುಮಾರು 60 ಪ್ರತಿಶತ ದಾಟಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯತೊಡಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಅದಕ್ಕಿಂತ ಮೇಲೆಯೇ ಇರುತ್ತದೆ. ಹೊಳೆಯುತ್ತಿರಬೇಕಾದ ಬೇರಿಂಗ್ ಗುಂಡುಗಳ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ತುಕ್ಕಿನ ಚುಕ್ಕೆ ಮೂಡಿದರೂ ಸಾಕು, ಎಂಜಿನ್ ಓಡಿದಾಗ ಅದು ಗುಳಿಯಾಗುತ್ತದೆ.

ಈಗಿನ ಪೆಟ್ರೋಲಿನಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು 20 ಪ್ರತಿಶತದವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಎಲ್ಲವೂ ಬೆರೆತೇ ಇರುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಎರಡೂ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಹೋಗುತ್ತವೆ. ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಹೋಗುವುದು ಟ್ಯಾಂಕಿನ ತಳದಿಂದ. ಅಂದರೆ ಎಂಜಿನ್‌ಗೆ ಮೊದಲು ಸಿಗುವುದು ಎಣ್ಣೆಯೇ ಇಲ್ಲದ ದ್ರವ. ಕಳೆದ ಮಳೆಗಾಲಕ್ಕೂ ಮುಂಚೆ ತುಂಬಿಸಿದ ಪೆಟ್ರೋಲನ್ನು "ಅಲ್ಲಾಡಿಸಿ ಬಳಸಬಹುದು" ಎನ್ನುವ ಸಲಹೆಯನ್ನು ನಾವು ಒಪ್ಪುವುದಿಲ್ಲ. ಅದನ್ನು ತೆಗೆದುಬಿಡಿ. ಚರಂಡಿಗೆ ಸುರಿಯಬೇಡಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು, ಹಳೇ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಕಿಕ್ ಬೇಡ, ಚಕ್ರ ತಿರುಗಿಸಿ

ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರ್ ಲಿವರ್ ಕಿಕ್ಕರ್ ಆಗುತ್ತದೆ. ಈ ಜಾಣ ಏರ್ಪಾಟನ್ನು ಮೆಚ್ಚಿಕೊಳ್ಳೋಣ, ಸದ್ಯಕ್ಕೆ ಮುಟ್ಟದಿರೋಣ. ಒಳಗೆ ಪಿಸ್ಟನ್ ರಿಂಗ್ ಸಿಲಿಂಡರಿಗೆ ತುಕ್ಕಿನಿಂದ ಅಂಟಿದ್ದರೆ, ದೇಹದ ಭಾರ ಹಾಕಿ ಹೊಡೆದ ಒಂದು ಕಿಕ್ ರಿಂಗನ್ನು ಮುರಿಯಬಲ್ಲದು. ಬೈಕ್ ತಳ್ಳಿ ಗೇರ್ ಹಾಕುವುದು ಇನ್ನೂ ಕೆಟ್ಟದ್ದು.

ಬದಲಿಗೆ, ಸೆಂಟರ್ ಸ್ಟ್ಯಾಂಡ್ ಹಾಕಿ, ಪ್ಲಗ್ ಬಿಚ್ಚಿ. ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಮುಂದಕ್ಕೆ, ಹಿಂದಕ್ಕೆ ಆಡಿಸಿ. ಪಿಸ್ಟನ್ ಚಲಿಸಿದರೆ ಪ್ಲಗ್ ತೂತಿನಿಂದ ಗಾಳಿ ಬರುತ್ತದೆ. ಸರಾಗವಾಗಿ ತಿರುಗಿದರೂ ಕಿವಿಗೊಡಿ: ಕರಕರ ಸದ್ದು ಬಂದರೆ ಬೇರಿಂಗ್‌ಗೆ ತುಕ್ಕು ಹಿಡಿದಿದೆ ಎಂದೇ ತಿಳಿಯಿರಿ.

ತಿರುಗದಿದ್ದರೆ? ಪ್ಲಗ್ ತೂತಿನೊಳಗೆ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಹಾಕಿ, ದಿನಗಟ್ಟಲೆ ಬಿಡಿ. ದ್ರವ ರಿಂಗಿನ ಸಂದುಗಳಿಗೆ ಇಳಿಯಲು ಸಮಯ ಬೇಕು. ಪಿಸ್ಟನ್ ಕೆಳಗಡೆ ನಿಂತಿದ್ದರೆ ಹಾಕಿದ್ದೆಲ್ಲ ಪಕ್ಕದ ದಾರಿಗಳಿಂದ ಕ್ರ್ಯಾಂಕ್‌ಕೇಸ್‌ಗೆ ಇಳಿದುಬಿಡುತ್ತದೆ, ಆದ್ದರಿಂದ ಹೆಚ್ಚು ಸುರಿಯಬೇಡಿ. ದಿನಕ್ಕೊಮ್ಮೆ ಚಕ್ರ ಆಡಿಸಿ ನೋಡಿ. ವಾರ, ಹತ್ತು ದಿನವಾದರೂ ಅಲುಗದಿದ್ದರೆ ಹೆಡ್ ಮತ್ತು ಸಿಲಿಂಡರ್ ಬಿಚ್ಚಿಸಿ. ಈ ಎಂಜಿನ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಕೈ ಪಳಗಿದ ಮೆಕ್ಯಾನಿಕ್‌ಗೆ ಅದು ಅರ್ಧ ದಿನದ ಕೆಲಸ. ನಮ್ಮ ಅಭಿಪ್ರಾಯದಲ್ಲಿ ಇಪ್ಪತ್ತು ವರ್ಷ ನಿಂತ ಬೈಕ್ ಆದರೆ, ತಿರುಗಿದರೂ ಒಮ್ಮೆ ಬಿಚ್ಚಿ ನೋಡುವುದೇ ಮೇಲು. ಸಿಲಿಂಡರ್ ಎತ್ತಿದರೆ ಕನೆಕ್ಟಿಂಗ್ ರಾಡ್ ಮತ್ತು ಕೆಳಗಿನ ಬೇರಿಂಗ್ ಕಣ್ಣಿಗೇ ಕಾಣುತ್ತವೆ.

ಇಲ್ಲಿ ಇನ್ನೊಂದು ಹಳೇ ಅಭ್ಯಾಸದ ಬಗ್ಗೆ ಹೇಳಬೇಕು. ಸ್ಟಾರ್ಟ್ ಆಗದಿದ್ದಾಗ ಪ್ಲಗ್ ಬಿಚ್ಚಿ, ಬಾಟಲಿ ಮುಚ್ಚಳದಷ್ಟು ಪೆಟ್ರೋಲ್ ಒಳಗೆ ಸುರಿದು ಕಿಕ್ ಹೊಡೆಯುವುದು. ದಿನವೂ ಓಡುವ ಬೈಕ್‌ಗೆ ಅದು ನಡೆಯುತ್ತದೆ. ಒಣಗಿ ನಿಂತ ಸಿಲಿಂಡರಿಗೆ ಎಣ್ಣೆ ಬೆರೆಸದ ಬರೀ ಪೆಟ್ರೋಲ್ ಹಾಕಿದರೆ, ಗೋಡೆಗೆ ಅಂಟಿಕೊಂಡಿದ್ದ ಹಳೆಯ ಎಣ್ಣೆಯ ಪದರವೂ ತೊಳೆದುಹೋಗುತ್ತದೆ. ಲೋಹಕ್ಕೆ ಲೋಹ ಉಜ್ಜುತ್ತಾ ಎಂಜಿನ್ ಹೊತ್ತಿಕೊಳ್ಳುತ್ತದೆ.

ಟ್ಯಾಂಕಿಗೆ ಕೋಲಾ?

ಟ್ಯಾಂಕಿನ ತುಕ್ಕಿಗೆ ಕೋಲಾ ಸುರಿಯಿರಿ ಎಂಬ ಮಾತು ಪೂರ್ತಿ ಸುಳ್ಳಲ್ಲ. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇದೆ, ಅದು ತುಕ್ಕನ್ನು ಕರಗಿಸುತ್ತದೆ. ಆದರೆ ಇರುವುದು ಬಹಳ ಕಡಿಮೆ, ಜೊತೆಗೆ ಟ್ಯಾಂಕಿನ ತುಂಬಾ ಸಕ್ಕರೆ ಅಂಟು. ಅಡುಗೆಯ ವಿನೆಗರ್ ಅದಕ್ಕಿಂತ ಅಗ್ಗ, ಅದಕ್ಕಿಂತ ಒಳ್ಳೆಯದು. ಟ್ಯಾಂಕನ್ನು ಬೈಕಿನಿಂದ ಇಳಿಸಿ, ಪೆಟ್ರೋಲ್ ನಲ್ಲಿ ಬಿಚ್ಚಿ ಆ ತೂತು ಮುಚ್ಚಿ, ಸೋಪಿನ ನೀರಿನಲ್ಲಿ ಹಲವು ಸಲ ತೊಳೆದು, ಆಮೇಲೆ ವಿನೆಗರ್ ತುಂಬಿಸಿ ಒಂದೆರಡು ದಿನ ಬಿಡಿ. ದಪ್ಪ ತುಕ್ಕಿದ್ದರೆ ಒಂದು ಹಿಡಿ ನಟ್ಟುಗಳನ್ನು ಎಣಿಸಿ ಹಾಕಿ ಕುಲುಕಿ, ಎಣಿಸಿಯೇ ಹೊರತೆಗೆಯಿರಿ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದರೆ ಉಳಿದ ಆಮ್ಲ ಶಮನವಾಗುತ್ತದೆ. ತೊಳೆದ ಬರಿಯ ಕಬ್ಬಿಣ ಗಂಟೆಯೊಳಗೆ ಮತ್ತೆ ಕೆಂಪಾಗತೊಡಗುತ್ತದೆ. ತಕ್ಷಣ ಒಣಗಿಸಿ, ಸ್ವಲ್ಪ ಟೂಟಿ ಆಯಿಲ್ ಹಾಕಿ ಎಲ್ಲ ಕಡೆ ಹರಡುವಂತೆ ತಿರುಗಿಸಿ.

ತೂತು ಬಿದ್ದ ಟ್ಯಾಂಕನ್ನು "ಖಾಲಿ ಇದೆಯಲ್ಲ" ಎಂದು ವೆಲ್ಡಿಂಗ್‌ಗೆ ಕೊಡುವವರಿದ್ದಾರೆ. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು 1.4ರಿಂದ 7.6 ಪ್ರತಿಶತ ಇದ್ದಾಗ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಅಷ್ಟು ಗಾಳಿಗೆ ಜಾಗವೇ ಇಲ್ಲ; ಖಾಲಿ ಟ್ಯಾಂಕಿನಲ್ಲಿ ಸರಿಯಾಗಿ ಆ ಪ್ರಮಾಣ ಉಂಟಾಗಬಹುದು. ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ. ಆ ಕೆಲಸ ಗೊತ್ತಿರುವವರಿಗಷ್ಟೇ ಕೊಡಿ.

ಒಂದು ಮಿಲಿಮೀಟರ್ ತೂತಿನ ಲೆಕ್ಕ

ಕಾರ್ಬ್ಯುರೇಟರಿನ ಮೇನ್ ಜೆಟ್ ಎಂದರೆ ಹಿತ್ತಾಳೆಯ ಪುಟ್ಟ ತಿರುಪು, ನಡುವೆ ಸುಮಾರು ಒಂದು ಮಿಲಿಮೀಟರ್ ತೂತು. ಅದರೊಳಗೆ ಸುತ್ತಲೂ ಬರೀ 0.05 ಮಿಲಿಮೀಟರ್ ದಪ್ಪದ ಅಂಟು ಕಟ್ಟಿದೆ ಎಂದುಕೊಳ್ಳಿ. ವ್ಯಾಸ 0.9 ಆಯಿತು. ತೂತಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಉಳಿದದ್ದು 81 ಪ್ರತಿಶತ. ಕಣ್ಣಿಗೆ ತೂತು ತೆರೆದೇ ಕಾಣುತ್ತದೆ, ಬೆಳಕಿಗೆ ಹಿಡಿದರೆ ಆಚೆ ಬದಿಯೂ ಕಾಣುತ್ತದೆ, ಆದರೆ ಐದರಲ್ಲಿ ಒಂದು ಪಾಲು ಮುಚ್ಚಿಹೋಗಿದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾದ್ದರಿಂದ ಹೆಚ್ಚು ಬಿಸಿಯಾಗುತ್ತದೆ. ಪೆಟ್ರೋಲಿನ ಜೊತೆ ಎಣ್ಣೆಯೂ ಅಷ್ಟೇ ಕಡಿಮೆ ಬರುತ್ತಿದೆ. ಬಿಸಿಗೆ ಪಿಸ್ಟನ್ ಹಿಗ್ಗುತ್ತದೆ, ಎಣ್ಣೆ ಸಾಲದು, ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ. ಮೆಕ್ಯಾನಿಕ್‌ಗಳು "ಎಂಜಿನ್ ಸೀಜ್ ಆಯ್ತು" ಎನ್ನುವುದು ಇದಕ್ಕೇ. ವೇಗದಲ್ಲಿ ಹೋಗುವಾಗ ಹಾಗಾದರೆ ಹಿಂದಿನ ಚಕ್ರ ಥಟ್ಟನೆ ನಿಲ್ಲುತ್ತದೆ, ಸವಾರ ನೆಲಕ್ಕೆ ಬೀಳುತ್ತಾನೆ.

ಜೆಟ್ಟಿನೊಳಗೆ ಪಿನ್ನು, ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಸಿ. ಎಥನಾಲ್‌ಗೆ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಹಾಗಾಗಿ ಬರೀ ಪೆಟ್ರೋಲಿಗೆಂದು ಮಾಡಿದ ಹಳೇ ಜೆಟ್ಟಿನಲ್ಲಿ ಇಂದಿನ ಪೆಟ್ರೋಲ್ ತುಸು ತೆಳುವಾಗಿಯೇ ಉರಿಯುತ್ತದೆ. ಸ್ವಚ್ಛ ಜೆಟ್ ಹಾಕಿದ ಮೇಲೂ ಪ್ಲಗ್ ಬಿಳಿಚಿಕೊಂಡು ಕಂಡರೆ ಒಂದು ಅಳತೆ ದೊಡ್ಡ ಜೆಟ್ ಬೇಕಾಗಬಹುದು. ಪೆಟ್ರೋಲ್ ಪೈಪನ್ನೂ ಎಥನಾಲ್ ತಡೆಯುವ ರಬ್ಬರಿನದಕ್ಕೆ ಬದಲಿಸಿ. ಹಳೆಯ ರಬ್ಬರ್ ಉಬ್ಬಿ ಸೋರಿದರೆ ಕೆಳಗಿರುವುದು ಬಿಸಿ ಎಂಜಿನ್.

ಕಿಡಿಯ ಕಡೆಯ ಕೆಲಸ ಇಷ್ಟು ಸೂಕ್ಷ್ಮವಲ್ಲ. ಪಾಯಿಂಟ್‌ಗಳ ಮುಖದ ಮೇಲೆ ಕಟ್ಟಿದ ಕಿಲುಬು ವಿದ್ಯುತ್ತನ್ನು ತಡೆಯುತ್ತದೆ, ನಯವಾದ ಅರದಿಂದ ಉಜ್ಜಿ ಸಂದಿನ ಅಳತೆ ಸರಿಮಾಡಿದರೆ ಬಹುಪಾಲು ಕಿಡಿ ಬರುತ್ತದೆ. ಆರು ವೋಲ್ಟಿನ ಬ್ಯಾಟರಿ ಹೊಸದೇ ಬೇಕು. ಕಿಡಿ ನೋಡುವಾಗ ಪ್ಲಗ್ಗನ್ನು ಅದರ ತೂತಿನಿಂದ ದೂರ ಹಿಡಿದು ಎಂಜಿನ್‌ಗೆ ತಾಗಿಸಿ, ಒಳಗಿನಿಂದ ಆವಿ ಬರುತ್ತಿರುತ್ತದೆ.

ಕಣ್ಣಿಗೆ ಕಾಣದ ಎರಡು ಸೀಲುಗಳು

ಕ್ರ್ಯಾಂಕಿನ ಎರಡೂ ತುದಿಗಳಲ್ಲಿ ಒಂದೊಂದು ರಬ್ಬರ್ ಸೀಲ್ ಇರುತ್ತದೆ. ಕ್ರ್ಯಾಂಕ್‌ಕೇಸ್ ಗಾಳಿಯಾಡದಂತೆ ಇದ್ದರೆ ಮಾತ್ರ ಅದು ಪೆಟ್ರೋಲ್ ಮಿಶ್ರಣವನ್ನು ಎಳೆದು ಮೇಲಕ್ಕೆ ತಳ್ಳಬಲ್ಲದು. ಇಪ್ಪತ್ತು ವರ್ಷ ನಿಂತ ರಬ್ಬರ್ ಗಡುಸಾಗಿ, ತುಟಿ ಸೀಳಿರುತ್ತದೆ.

ಎಡಗಡೆಯ ಸೀಲಿನ ಆಚೆ ಕ್ಲಚ್ ಮತ್ತು ಅದರ ಎಣ್ಣೆ ಇದೆ. ಅದು ಹೋದರೆ ಎಂಜಿನ್ ಗೇರ್ ಎಣ್ಣೆಯನ್ನು ಹೀರಿ ಸುಡುತ್ತದೆ, ದಟ್ಟ ಬಿಳಿ ಹೊಗೆ ಬರುತ್ತಲೇ ಇರುತ್ತದೆ. ಕಿರಿಕಿರಿ, ಆದರೆ ಕಣ್ಣಿಗೆ ಕಾಣುವ ಕಾಯಿಲೆ. ಬಲಗಡೆಯ ಸೀಲಿನ ಆಚೆ ಇರುವುದು ಡೈನಮೊ, ಅಲ್ಲಿ ಒಣ ಗಾಳಿ. ಅದು ಹೋದರೆ ಹೊಗೆ ಇಲ್ಲ, ಸೋರಿಕೆ ಇಲ್ಲ. ಎಂಜಿನ್ ಮಾತ್ರ ಆ ಸಂದಿನಿಂದ ಗಾಳಿ ಹೀರುತ್ತದೆ, ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದೆ ತಾನೇ ಕಿರುಚತೊಡಗಿದರೆ ಇದೇ ಕಾರಣವಿರಬಹುದು. "ಏನು ಪಿಕಪ್, ಹೊಸ ಬೈಕ್ ಥರ" ಎಂದು ಖುಷಿಪಡುವವರನ್ನು ಕಂಡರೆ ನಮಗೆ ಅಳುಕಾಗುವುದು ಇದಕ್ಕೇ. ಸೀಲಿನ ಬೆಲೆ ಹೆಚ್ಚಲ್ಲ, ಹಾಕಿಸುವ ಕೂಲಿ ಹೆಚ್ಚು. ಎಂಜಿನ್ ಓಡಿಸಿ ನೋಡಿ ಆಮೇಲೆ ತೀರ್ಮಾನಿಸುತ್ತೇವೆ ಎನ್ನಬೇಡಿ, ಮೊದಲೇ ಬದಲಿಸಿ.

ಇನ್ನೂ ಎರಡು ನಂಬಿಕೆ

"ಹಳೇ ಬೈಕ್‌ಗೆ ಸೀಸದ ಪೆಟ್ರೋಲೇ ಬೇಕು, ಅದು ನಿಂತ ಮೇಲೆ ಎಂಜಿನ್‌ಗಳು ಹಾಳಾದವು." ಭಾರತದಲ್ಲಿ ಸೀಸ ಬೆರೆತ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ನಿಂತಿತು. ಹಳೆಯ ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಸೀಸ ವಾಲ್ವ್ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿತ್ತು ಎಂಬುದು ನಿಜ. ಯೆಜ್ಡಿಯಲ್ಲಿ ವಾಲ್ವೇ ಇಲ್ಲ!

"ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಕೆಡುವುದಿಲ್ಲ." ಇದು ಬಹುತೇಕ ಎಲ್ಲರೂ ಹೇಳುವ ಮಾತು. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದಾಗ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರ್! ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆಗುವ ನೀರು ಅದು. ಎಂಜಿನ್ ಚೆನ್ನಾಗಿ ಕಾದಿದ್ದರೆ ಆವಿಯಾಗಿ ಹೊರಹೋಗುತ್ತದೆ. ಐದು ನಿಮಿಷಕ್ಕೆ ಸೈಲೆನ್ಸರ್ ಕಾಯುವುದೇ ಇಲ್ಲ, ನೀರು ಅಲ್ಲೇ ಉಳಿಯುತ್ತದೆ. ಓಡಿಸುವುದಾದರೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ. ಇಲ್ಲವಾದರೆ ಸ್ಟಾರ್ಟ್ ಮಾಡದೆ ಸುಮ್ಮನೆ ಬಿಡಿ.

ರಸ್ತೆಗೆ ಮುನ್ನ

ಟಯರ್‌ನಲ್ಲಿ ಗೆರೆ ಆಳವಾಗಿದೆ ಎಂದು ಮೋಸ ಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 1409 ಎಂದಿದ್ದರೆ 2009ರ 14ನೇ ವಾರದ್ದು. ನಾಲ್ಕರ ಬದಲು ಮೂರೇ ಅಂಕಿ ಇದ್ದರೆ 2000ಕ್ಕೂ ಮುಂಚಿನದು, ಯೋಚನೆಯೇ ಬೇಡ. ಬ್ರೇಕ್ ಶೂಗಳ ಅಂಟು ಬಿಟ್ಟಿರಬಹುದು, ಡ್ರಮ್ ಬಿಚ್ಚಿ ನೋಡಿ. ಕೇಬಲ್‌ಗಳೆಲ್ಲ ಹೊಸದು ಹಾಕಿಸಿ. ಸೈಲೆನ್ಸರಿನೊಳಗೆ ಕಣಜದ ಮಣ್ಣಿನ ಗೂಡು ಇದೆಯೇ ಎಂದೂ ನೋಡಿ, ತಮಾಷೆಯಲ್ಲ.

ಕಾಗದಪತ್ರ ಇವೆಲ್ಲಕ್ಕಿಂತ ಮೊದಲು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. "ನಮ್ಮದು ವಿಂಟೇಜ್ ಗಾಡಿ" ಎಂದರೆ ಕಾನೂನು ಒಪ್ಪಬೇಕಲ್ಲ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನ ಮಾತ್ರ ವಿಂಟೇಜ್. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತೆಯೂ ಇಲ್ಲ. 1985ರ ರೋಡ್‌ಕಿಂಗ್‌ಗೆ ಆ ಗೌರವ ಸಿಗಲು 2035 ದಾಟಬೇಕು. ಎಂಜಿನ್‌ಗೆ ಹಣ ಸುರಿಯುವ ಮೊದಲು ಆರ್‌ಸಿಯ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಹೊಂದುತ್ತವೆಯೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ಕಿಕ್. ಹೊಸ ಪೆಟ್ರೋಲಿಗೆ ಲೀಟರಿಗೆ 40 ಮಿಲಿಲೀಟರ್‌ನಂತೆ ಟೂಟಿ ಆಯಿಲ್ ಬೆರೆಸಿ, ಅಂದರೆ 25ಕ್ಕೆ 1. ಮೊದಲ ಟ್ಯಾಂಕಿಗೆ ಹೊಗೆ ಹೆಚ್ಚಾದರೂ ಇದರಲ್ಲಿ ಜಿಪುಣತನ ಬೇಡ. ಕಿಕ್ ಹೊಡೆಯುವ ಮುನ್ನ ಪ್ಲಗ್ ತೂತಿನಲ್ಲಿ ಒಂದು ಚಮಚ ಟೂಟಿ ಆಯಿಲ್ ಹಾಕಿ, ಹಿಂದಿನ ಚಕ್ರದಿಂದ ಎಂಜಿನ್ನನ್ನು ಹತ್ತಿಪ್ಪತ್ತು ಸುತ್ತು ತಿರುಗಿಸಿ, ಆಮೇಲೆ ಪ್ಲಗ್ ಬಿಗಿಯಿರಿ. ಸ್ಟಾರ್ಟ್ ಆದೊಡನೆ ಆಕ್ಸಿಲರೇಟರ್ ತಿರುಗಿಸಿ ಗುಡುಗಿಸುವ ಆಸೆ ಯಾರಿಗಾದರೂ ಬರುತ್ತದೆ, ತಡೆದುಕೊಳ್ಳಿ. ಎರಡು ಮೂರು ನಿಮಿಷ ನಿಧಾನವಾಗಿ ಓಡಿಸಿ, ಆರಿಸಿ, ಪೂರ್ತಿ ತಣಿಯಲು ಬಿಡಿ. ಪ್ಲಗ್ ಬಿಚ್ಚಿ ನೋಡಿ: ಕಂದು ಬಣ್ಣವಾದರೆ ಸರಿ, ಕಪ್ಪಗೆ ಒದ್ದೆಯಾಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ, ಸುಣ್ಣದಂತೆ ಬಿಳಿಯಾಗಿದ್ದರೆ ಮತ್ತೆ ಸ್ಟಾರ್ಟ್ ಮಾಡದೆ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಗೇರ್ ಎಣ್ಣೆಯ ಮಟ್ಟವನ್ನು ಗುರುತು ಮಾಡಿಟ್ಟುಕೊಂಡು, ಮೊದಲ ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಅಳೆಯಿರಿ.